ನೆಗಡಿಯಲ್ಲದ ನೆಗಡಿ

ಯಾದಗಿರಿ ಜಿಲ್ಲೆಯ ಕೊಂಕಲ್ ಸುತ್ತಮುತ್ತಲಿನ ಊರುಗಳಲ್ಲಿ ದೀಪಾವಳಿ ದಾಟಿತೆಂದರೆ ಹತ್ತಿ ಬಿಡಿಸುವ ಕೆಲಸ ಜೋರಾಗುತ್ತದೆ. ಅದರ ಬೆನ್ನಿಗೇ ತೊಗರಿ ರಾಶಿ. ಇದೇ ಹೊತ್ತಿಗೆ ಶಾಲೆಯ ತರಗತಿಗಳಲ್ಲಿ ಇನ್ನೊಂದು ಸುಗ್ಗಿಯೂ ಶುರುವಾಗುತ್ತದೆ. ಅದು ಸೀನಿನ ಸುಗ್ಗಿ! ಬೆಳಿಗ್ಗೆ ಎದ್ದೊಡನೆ ಒಂದರ ಹಿಂದೊಂದು ಎಂಟು ಹತ್ತು ಸೀನು, ನೀರಿನಂತೆ ಸುರಿಯುವ ಮೂಗು, ಉಜ್ಜಿ ಉಜ್ಜಿ ಕೆಂಪಾದ ಕಣ್ಣು. ‘ತಣ್ಣೀರಾಗ ಆಡಿ ನೆಗಡಿ ಮಾಡ್ಕೊಂಡಾನ’ ಎಂದು ತಾಯಿ ಗದರುತ್ತಾಳೆ. ತಂದೆ ಮೆಡಿಕಲ್ ಅಂಗಡಿಯಿಂದ ನಾಲ್ಕು ಗುಳಿಗೆ ತಂದುಕೊಡುತ್ತಾನೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಸೀನು.

ಇದು ನೆಗಡಿಯಲ್ಲ. ವೈದ್ಯರು ಇದನ್ನು ಮೂಗಿನ ಅಲರ್ಜಿ ಎನ್ನುತ್ತಾರೆ. ನೆಗಡಿ ವೈರಸ್ಸಿನಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಕೆಲವೊಮ್ಮೆ ಸಣ್ಣ ಜ್ವರ, ಗಂಟಲು ನೋವು ಕೂಡಿರುತ್ತದೆ, ಏಳರಿಂದ ಹತ್ತು ದಿನಗಳಲ್ಲಿ ತಾನೇ ಹೋಗುತ್ತದೆ. ಅಲರ್ಜಿ ಅಂಟುವುದಿಲ್ಲ, ಜ್ವರ ತರುವುದಿಲ್ಲ, ವಾರಗಟ್ಟಲೆ ಬಿಡುವುದೂ ಇಲ್ಲ. ಮೂಗಿನಿಂದ ಸುರಿಯುವುದು ತೆಳ್ಳಗಿನ ನೀರು. ಎಲ್ಲಕ್ಕಿಂತ ಮುಖ್ಯ ಗುರುತು ತುರಿಕೆ. ಮೂಗು, ಕಣ್ಣು, ಅಂಗಳ, ಕೆಲವರಿಗೆ ಕಿವಿಯ ಒಳಗೂ ತುರಿಕೆ. ಇಂಥ ಮಗು ಅಂಗೈಯಿಂದ ಮೂಗಿನ ತುದಿಯನ್ನು ಪದೇ ಪದೇ ಮೇಲಕ್ಕೆ ತಳ್ಳುತ್ತಿರುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿ ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿರುವುದುಂಟು. ಕಣ್ಣ ಕೆಳಗೆ ಕಪ್ಪು ಛಾಯೆ, ಬಾಯಿ ತೆರೆದು ಮಲಗುವುದು, ಗೊರಕೆ, ಬೆಳಿಗ್ಗೆ ಎದ್ದಾಗಲೂ ನಿದ್ದೆಯಾಗದಂತಹ ಮುಖ ಇವೆಲ್ಲ ಜೊತೆಗೂಡುತ್ತವೆ.

ಸೀನಿನಿಂದ ಯಾರೂ ಸಾಯುವುದಿಲ್ಲ, ನಿಜ. ಆದ್ದರಿಂದಲೇ ಇದನ್ನು ರೋಗವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮೂಗಿನ ಈ ಕಾಯಿಲೆಗೂ ಎದೆಯ ದಮ್ಮಿಗೂ ಇರುವ ನಂಟು, ಮಗುವಿನ ಓದಿಗೂ ಇದಕ್ಕೂ ಇರುವ ನಂಟು, ಎರಡನ್ನೂ ಪಾಲಕರು ತಿಳಿದಿರುವುದು ಅಗತ್ಯ.

ಗಾಳಿಪಟ ಹಾರಿಸಿದ ವೈದ್ಯ

ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್. 1819ರಲ್ಲಿ ಅವರು ವೈದ್ಯರ ಸಭೆಯೊಂದರ ಮುಂದೆ ಓದಿದ್ದು ತಮ್ಮದೇ ಮೂಗು ಮತ್ತು ಕಣ್ಣುಗಳ ಕಥೆಯನ್ನು! ಬಾಲ್ಯದಿಂದಲೂ ಪ್ರತಿ ಬೇಸಿಗೆಯಲ್ಲಿ ಅವರಿಗೆ ಈ ಕಾಟವಿತ್ತು. ಕಾರಣ ಮಾತ್ರ ಅವರಿಗೆ ಹೊಳೆಯಲಿಲ್ಲ. ಅದನ್ನು ಹುಡುಕಿದವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರೂ ಇದೇ ರೋಗದವರೇ. ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೆ ತಾವೇ ಹಾಕಿಕೊಂಡು, ಚರ್ಮ ಗೀರಿ ಅದರ ಮೇಲೆ ಸವರಿಕೊಂಡು ಪರೀಕ್ಷಿಸಿದರು. ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಆಕಾಶದ ಎತ್ತರದಲ್ಲೂ ಪರಾಗ ತೇಲುತ್ತಿರುತ್ತದೆ ಎಂದು ತೋರಿಸಿದರು. 1873ರಲ್ಲಿ ಅವರ ಪುಸ್ತಕ ಹೊರಬಂತು. ಇಂದಿಗೂ ವೈದ್ಯರು ಮುಂಗೈ ಮೇಲೆ ಹನಿಯಿಟ್ಟು ಚುಚ್ಚಿ ಮಾಡುವ ಪರೀಕ್ಷೆಯ ಮೂಲ ಅವರದೇ.

‘ಅಲರ್ಜಿ’ ಎಂಬ ಪದವನ್ನು ಟಂಕಿಸಿದವರು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಆದರೆ ಒಳಗಿನ ಗುಟ್ಟು ರಟ್ಟಾಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಮೆರಿಕದಲ್ಲಿದ್ದ ಜಪಾನಿ ದಂಪತಿ ಇಶಿಜಾಕಾ ಹಾಗೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನಿಚ್ ಬೇರೆ ಬೇರೆಯಾಗಿ 1960ರ ದಶಕದಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ಕಂಡುಹಿಡಿದರು.

ನಡೆಯುವುದು ಇಷ್ಟೇ. ಪರಾಗವೋ ಧೂಳಿನ ಕಣವೋ ಮೂಗಿಗೆ ಬೀಳುತ್ತದೆ. ಅದು ನಿರಪಾಯಕಾರಿ. ಆದರೆ ಕೆಲವರ ದೇಹ ಅದನ್ನು ಶತ್ರುವೆಂದು ಭಾವಿಸಿ ಐಜಿಇ ತಯಾರಿಸುತ್ತದೆ. ಈ ಐಜಿಇ ಮೂಗಿನ ಲೋಳೆಪೊರೆಯಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಕಾವಲುಗಾರರಂತೆ ಹೋಗಿ ಕೂರುತ್ತದೆ. ಮೊದಲ ಸಲ ಏನೂ ಆಗುವುದಿಲ್ಲ. ಮುಂದೆ ಅದೇ ಕಣ ಮತ್ತೆ ಬಂದಾಗ ಕಾವಲುಗಾರರು ಹಿಡಿದುಕೊಳ್ಳುತ್ತಾರೆ, ಮಾಸ್ಟ್ ಕೋಶ ಒಡೆದು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಚೆಲ್ಲುತ್ತವೆ. ನಿಮಿಷಗಳಲ್ಲೇ ಸೀನು, ತುರಿಕೆ, ನೀರು. ನಾಲ್ಕಾರು ಗಂಟೆಗಳ ಮೇಲೆ ಎರಡನೆಯ ಅಲೆ ಬರುತ್ತದೆ. ಆಗ ಬೇರೆ ಜೀವಕೋಶಗಳು ಅಲ್ಲಿಗೆ ಮುತ್ತಿ ಪೊರೆ ಊದಿಕೊಂಡು ಮೂಗು ಕಟ್ಟುತ್ತದೆ. ಮಧ್ಯಾಹ್ನ ಕಣದಲ್ಲಿ ಆಡಿದ ಹುಡುಗನಿಗೆ ರಾತ್ರಿ ಮೂಗು ಕಟ್ಟುವುದು ಇದರಿಂದಲೇ. ತಂದೆ ತಾಯಿಯರಲ್ಲಿ ಯಾರಿಗಾದರೂ ಅಲರ್ಜಿ, ದಮ್ಮು ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು.

ಹೊಲದ ಪಂಚಾಂಗ, ಮೂಗಿನ ಪಂಚಾಂಗ

ಮೂಗಿನ ಕಾಟ ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ, ಎಲ್ಲಿ ಹೋದಾಗ ಹೆಚ್ಚುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅರ್ಧ ರೋಗನಿದಾನ ಮನೆಯಲ್ಲೇ ಆದಂತೆ. ಯಾದಗಿರಿ, ಶಹಾಪುರ, ಸುರಪುರ ಭಾಗದ ಹೊಲಗಳಿಗೆ ತಮ್ಮದೇ ಪಂಚಾಂಗವಿದೆ.

ಮುಂಗಾರು ಬಿದ್ದ ಮೇಲೆ ಮೊದಲ ಸರದಿ ಪಾರ್ಥೇನಿಯಂ ಕಳೆಯದು. ಜನ ಕಾಂಗ್ರೆಸ್ ಕಸ ಎಂದು ಕರೆಯುವ ಈ ಗಿಡ ಅಮೆರಿಕ ಖಂಡದಿಂದ ಬಂದದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಅಲ್ಲಿಂದ ದೇಶದ ತುಂಬ ಹಬ್ಬಿತು. ರಸ್ತೆಬದಿ, ಶಾಲೆಯ ಮೈದಾನ, ಬೀಳುಭೂಮಿ ಎಲ್ಲೆಡೆ ಅದೇ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಇದರ ಪರಾಗ ಮೂಗಿಗೂ, ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮಕ್ಕೂ ಆಗದು. ಬೆಂಗಳೂರಿನ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದ ಮೂಗಿನ ಅಲರ್ಜಿ ರೋಗಿಗಳಲ್ಲಿ ಶೇ 34ರಷ್ಟು ಮಂದಿಗೆ, ಅಸ್ತಮಾ ರೋಗಿಗಳಲ್ಲಿ ಶೇ 12ರಷ್ಟು ಮಂದಿಗೆ ಪಾರ್ಥೇನಿಯಂ ಪರಾಗದ ಚರ್ಮ ಪರೀಕ್ಷೆಯಲ್ಲಿ ಗಂದೆ ಎದ್ದಿತ್ತು. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ 1984ರಲ್ಲಿ ಬಿಡಲಾಯಿತು. ಜೀರುಂಡೆ ಮಳೆಗಾಲದಲ್ಲಿ ಎಲೆಗಳನ್ನು ಚೆನ್ನಾಗಿ ಮೇಯುತ್ತದೆ. ಆದರೂ ಗಿಡ ಸೋತಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಶ್ರಮದಾನದ ಹೆಸರಿನಲ್ಲಿ ಶಾಲಾ ಮಕ್ಕಳಿಂದ ಬರಿಗೈಯಲ್ಲಿ ಈ ಕಸ ಕೀಳಿಸುವ ಪದ್ಧತಿ ಹಲವು ಕಡೆ ಇದೆ. ಅದೂ ಬಿಳಿ ಹೂ ಮುಚ್ಚಿಕೊಂಡ ಮೇಲೆ! ಕೀಳುವುದಾದರೆ ಹೂ ಬಿಡುವ ಮುನ್ನ, ಮಳೆ ಬಿದ್ದು ನೆಲ ಹಸಿಯಿರುವಾಗ, ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡವರು ಕೀಳಬೇಕು. ಅಲರ್ಜಿಯ ಮಗುವನ್ನಂತೂ ಆ ಕಡೆ ಕಳಿಸಬಾರದು.

ಆಗಸ್ಟ್ ಸೆಪ್ಟೆಂಬರಿನಲ್ಲಿ ಹೆಸರಿನ ರಾಶಿ, ಡಿಸೆಂಬರ್ ಜನವರಿಯಲ್ಲಿ ತೊಗರಿಯ ರಾಶಿ. ಯಂತ್ರ ಹೊಟ್ಟು ತೂರುವಾಗ ಮೇಲೇಳುವ ಧೂಳಿನಲ್ಲಿ ಬರೀ ಮಣ್ಣಿರುವುದಿಲ್ಲ. ಒಣ ಎಲೆ ಕಡ್ಡಿಗಳ ಮೇಲೆ ಬೆಳೆದ ಬೂಷ್ಟಿನ ಬೀಜಾಣುಗಳು ಲಕ್ಷಗಟ್ಟಲೆ ಇರುತ್ತವೆ. ಇವು ಪರಾಗಕ್ಕಿಂತಲೂ ಸಣ್ಣವಾದ್ದರಿಂದ ಮೂಗನ್ನು ದಾಟಿ ಎದೆಯವರೆಗೂ ಇಳಿಯಬಲ್ಲವು. ಹಸಿಯಿದ್ದಾಗಲೇ ಒಟ್ಟಿದ ಮೇವಿನ ಬಣವೆಯಲ್ಲೂ ಅಷ್ಟೇ. ಹಿಂಗಾರಿ ಜೋಳ ತೆನೆ ಹೊರಡುವಾಗಿನ ಪರಾಗ, ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಪರಾಗ ಇವೂ ಕೆಲವರಿಗೆ ಆಗುವುದಿಲ್ಲ.

ತೊಗರಿ ಹೂವಿನಿಂದ ಸೀನು ಬರುತ್ತದೆಂದು ಹಲವರು ಹೇಳುವುದುಂಟು. ಅದು ಬಹುಮಟ್ಟಿಗೆ ತಪ್ಪು ಗ್ರಹಿಕೆ. ಕಣ್ಣಿಗೆ ಬೀಳುವ ಹಳದಿ, ಕೆಂಪು ಹೂಗಳು ಕೀಟಗಳನ್ನು ಕರೆಯಲೆಂದೇ ಬಣ್ಣ ಹಚ್ಚಿಕೊಂಡಿರುತ್ತವೆ. ಅವುಗಳ ಪರಾಗ ಅಂಟಾಗಿ, ಭಾರವಾಗಿ ಇರುವುದರಿಂದ ಗಾಳಿಯಲ್ಲಿ ದೂರ ಹೋಗದು. ಬಣ್ಣವಿಲ್ಲದ, ಹೂವೆಂದೇ ತಿಳಿಯದ ಹುಲ್ಲು ಜಾತಿಯ ಗಿಡಗಳೇ ಗಾಳಿಗೆ ಪರಾಗ ಚೆಲ್ಲುವುದು. ವಿದ್ಯಾರ್ಥಿಗಳು ಬ್ಲ್ಯಾಕ್ಲಿಯ ಪ್ರಯೋಗವನ್ನು ಶಾಲೆಯಲ್ಲೇ ಮಾಡಬಹುದು. ಗಾಜಿನ ಸ್ಲೈಡಿಗೆ ತೆಳುವಾಗಿ ವ್ಯಾಸಲಿನ್ ಸವರಿ ಮಾಳಿಗೆಯ ಮೇಲೆ ಒಂದು ದಿನ ಇಟ್ಟು, ಮಾರನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಮುಳ್ಳುಚೆಂಡಿನಂತಹವು, ನುಣುಪು ಗೋಲಿಯಂತಹವು, ಹೀಗೆ ಬಗೆಬಗೆಯ ಕಣಗಳು ಕಾಣುತ್ತವೆ. ತಿಂಗಳಿಗೊಮ್ಮೆ ಹೀಗೆ ಎಣಿಸಿ ಬರೆದರೆ ಆ ಊರಿನದೇ ಪರಾಗ ಪಂಚಾಂಗ ಸಿದ್ಧವಾಗುತ್ತದೆ.

ಮೆಣಸಿನಕಾಯಿ ಘಾಟಿಗೆ ಬರುವ ಸೀನು ಮಾತ್ರ ಅಲರ್ಜಿಯಲ್ಲ. ಅದು ನರಗಳ ಉರಿ, ಯಾರಿಗಾದರೂ ಬರುತ್ತದೆ. ಹತ್ತಿ ಜಿನ್ನಿಂಗ್ ಕಾರ್ಖಾನೆಯ ಕೆಲಸಗಾರರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಹಿಡಿದಂತಾಗುವುದುಂಟು. ಅದು ಬೇರೆಯೇ ರೋಗ, ಅದಕ್ಕೆ ಬಿಸಿನೋಸಿಸ್ ಎನ್ನುತ್ತಾರೆ.

ಕೌದಿಯೊಳಗಿನ ಜೀವಿ

ವರ್ಷವಿಡೀ, ಅದರಲ್ಲೂ ಮಲಗುವಾಗ ಮತ್ತು ಬೆಳಿಗ್ಗೆ ಎದ್ದಾಗ ಸೀನು ಬರುವ ಮಗುವಿಗೆ ಕಾರಣ ಹೊಲದಲ್ಲಿಲ್ಲ, ಹಾಸಿಗೆಯಲ್ಲಿದೆ. ಧೂಳುನುಸಿ ಎಂಬ ಎಂಟು ಕಾಲಿನ ಜೀವಿ ಬರಿಗಣ್ಣಿಗೆ ಕಾಣದು. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ಕಚ್ಚುವುದಿಲ್ಲ, ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಮನೆಯ ಧೂಳಿನ ಅಲರ್ಜಿಗೆ ಇದೇ ಕಾರಣವೆಂದು 1960ರ ದಶಕದಲ್ಲಿ ಹಾಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು.

ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಈ ಭಾಗದ ಮನೆಮನೆಯ ಹೆಮ್ಮೆ. ಅಜ್ಜಿ ಹೊಲಿದ ಕೌದಿಯನ್ನು ಬಿಸಾಡಿ ಎಂದು ಯಾರೂ ಹೇಳಬಾರದು. ಆದರೆ ಪದರಗಳ ನಡುವೆ ನುಸಿಗೆ ಬೇಕಾದ ಬೆಚ್ಚನೆಯ ಗೂಡು ಸಿಗುತ್ತದೆ ಎಂಬುದೂ ಸತ್ಯ. ದಸರೆಗೆ ಮುನ್ನ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ರೂಢಿ ಎಷ್ಟು ಅರ್ಥಪೂರ್ಣ! ವರ್ಷಕ್ಕೊಮ್ಮೆ ಸಾಲದು ಅಷ್ಟೇ. ನುಸಿ ಬದುಕಲು ಗಾಳಿಯಲ್ಲಿ ತೇವ ಬೇಕು. ಒಣ ಬಿಸಿಲು ಅದರ ವೈರಿ. ಯಾದಗಿರಿಯ ಬಿಸಿಲಿಗೇನು ಬರವೇ? ವಾರಕ್ಕೊಮ್ಮೆ ಕೌದಿ, ದಿಂಬುಗಳನ್ನು ಮಾಳಿಗೆಯ ಕಲ್ಲಿನ ಮೇಲೆ ಇಡೀ ದಿನ ಹರಡಿ, ಮನೆಯಿಂದ ದೂರದಲ್ಲಿ ಝಾಡಿಸಿ ತರಬೇಕು. ಸತ್ತ ನುಸಿ, ಹಿಕ್ಕೆ ಕೂಡ ಅಲರ್ಜಿ ತರುವುದರಿಂದ ಝಾಡಿಸುವುದು, ಒಗೆಯುವುದು ಎರಡೂ ಬೇಕು. ಹೊದಿಕೆ, ದಿಂಬಿನ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಗೆದರೆ ಇನ್ನೂ ಒಳ್ಳೆಯದು. ಆ ದಿನ ಅಲರ್ಜಿಯ ಮಗು ಹತ್ತಿರ ಇರಬಾರದು. ಕಸ ಗುಡಿಸುವಾಗಲೂ ಅಷ್ಟೇ. ಒಣ ಕಸಬರಿಗೆಗಿಂತ ಒದ್ದೆ ಬಟ್ಟೆ ಮೇಲು.

ಕಟ್ಟಿಗೆ ಒಲೆಯ ಹೊಗೆ, ಸೊಳ್ಳೆ ಬತ್ತಿ, ಊದುಬತ್ತಿ, ಬೀಡಿ ಇವು ಅಲರ್ಜಿಯ ಮೂಲವಲ್ಲ. ಊದಿದ ಪೊರೆಗೆ ಉಪ್ಪು ಸವರುವ ಕೆಲಸ ಮಾಡುತ್ತವೆ. ತಂದೆ ಮನೆಯೊಳಗೆ ಬೀಡಿ ಸೇದುತ್ತ ಮಗನಿಗೆ ಔಷಧ ತಂದುಕೊಟ್ಟರೆ ಪ್ರಯೋಜನ ಎಷ್ಟು?

ಮೂಗು ಮೇಲಂತಸ್ತು, ಎದೆ ಕೆಳಂತಸ್ತು

ಮೂಗಿನ ಲೋಳೆಪೊರೆ ಗಂಟಲಲ್ಲಿ ನಿಲ್ಲುವುದಿಲ್ಲ, ಶ್ವಾಸನಾಳದುದ್ದಕ್ಕೂ ಮುಂದುವರಿಯುತ್ತದೆ. ಮೂಗು ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವಗೊಳಿಸಿ ಒಳಗೆ ಕಳಿಸುತ್ತದೆ. ಮೂಗು ಕಟ್ಟಿದರೆ ಧೂಳಿನ ಗಾಳಿ ಬಾಯಿಯ ಮೂಲಕ ನೇರ ಎದೆಗೆ. ಅಸ್ತಮಾ ಇರುವವರಲ್ಲಿ ಬಹುಪಾಲು ಮಂದಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗಿನ ಅಲರ್ಜಿ ಇರುವವರಿಗೆ ಮುಂದೆ ಅಸ್ತಮಾ ಬರುವ ಸಂಭವ ಇತರರಿಗಿಂತ ಹೆಚ್ಚು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 1999ರಲ್ಲಿ ಸೇರಿದ್ದ ತಜ್ಞರು ಎರಡನ್ನೂ ಒಂದೇ ಹಾದಿಯ ಒಂದೇ ರೋಗವೆಂದು ನೋಡಬೇಕೆಂದು ಸೂಚಿಸಿದರು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಲೆಕ್ಕ ಇಟ್ಟು ನೋಡಿದಾಗ, 1979ರಲ್ಲಿ ಶೇ 9 ಇದ್ದ ಅಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿತ್ತು. ವಾಹನದ ಹೊಗೆ ಹೆಚ್ಚಿದ ನಗರದ ಮಾತು ಅದು ಎಂದು ಹಳ್ಳಿಯವರು ನೆಮ್ಮದಿಯಿಂದ ಕೂರುವಂತಿಲ್ಲ. ಸೀನುವ ಮಗು ರಾತ್ರಿ ಕೆಮ್ಮತೊಡಗಿದರೆ, ಓಡಿದಾಗ ಎದೆಯಲ್ಲಿ ಸುಯ್ ಸುಯ್ ಸದ್ದು ಬಂದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಪರೀಕ್ಷೆಯ ದಿನದ ಗುಳಿಗೆ

ಹಿಸ್ಟಮಿನ್ನನ್ನು ತಡೆಯುವ ಔಷಧಗಳ ದಾರಿ ತೆರೆದವರು ಡೇನಿಯಲ್ ಬೋವೆ, 1937ರಲ್ಲಿ. ಅವರಿಗೆ 1957ರಲ್ಲಿ ನೊಬೆಲ್ ಬಂತು. ಈ ಜಾತಿಯ ಹಳೆಯ ಔಷಧಗಳಾದ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಇಂದಿಗೂ ಅಗ್ಗದ ನೆಗಡಿ ಗುಳಿಗೆಗಳಲ್ಲಿ, ಸಿರಪ್ಪುಗಳಲ್ಲಿ ಇವೆ. ಸೀನು ನಿಲ್ಲಿಸುತ್ತವೆ, ಜೊತೆಗೆ ಮಿದುಳಿಗೂ ಹೊಕ್ಕು ಮಂಪರು ತರುತ್ತವೆ. ರಾತ್ರಿ ನುಂಗಿದ್ದು ಬೆಳಿಗ್ಗೆಯವರೆಗೂ ಮರೆವು, ಜಡತ್ವ ಉಳಿಸಬಹುದು.

2007ರಲ್ಲಿ ಬ್ರಿಟನ್ನಿನಲ್ಲಿ 15ರಿಂದ 17 ವರ್ಷದ ಸುಮಾರು 1,800 ವಿದ್ಯಾರ್ಥಿಗಳ ಅಧ್ಯಯನವೊಂದು ಪ್ರಕಟವಾಯಿತು. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪಡೆದ ಶ್ರೇಣಿಯನ್ನು ಬೇಸಿಗೆಯ ಅಂತಿಮ ಪರೀಕ್ಷೆಯ ಶ್ರೇಣಿಯೊಂದಿಗೆ ಹೋಲಿಸಿದರು. ಪರೀಕ್ಷೆಯ ದಿನ ಮೂಗಿನ ಅಲರ್ಜಿಯಿಂದ ಬಳಲುತ್ತಿದ್ದವರಲ್ಲಿ ಶ್ರೇಣಿ ಕುಸಿಯುವ ಸಂಭವ ಸುಮಾರು ಶೇ 40ರಷ್ಟು ಹೆಚ್ಚಿತ್ತು. ಮಂಪರು ತರುವ ಗುಳಿಗೆ ನುಂಗಿದ್ದವರಲ್ಲಿ ಅದು ಶೇ 70ರಷ್ಟು ಹೆಚ್ಚಿತ್ತು! ರೋಗ ಒಂದು ಹೊಡೆತ, ತಪ್ಪು ಔಷಧ ಇನ್ನೊಂದು ಹೊಡೆತ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಬರುವುದೂ ರಾಶಿಯ ಧೂಳು ಇನ್ನೂ ಅಡಗದ ಮಾರ್ಚ್ ಹೊತ್ತಿಗೇ ಎಂಬುದನ್ನು ನೆನೆದರೆ, ‘ಹುಡುಗ ಓದ್ತಾನ, ಆದ್ರ ಪರೀಕ್ಷೆದಾಗ ಬರಂಗಿಲ್ಲ’ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಏನಿರಬಹುದೆಂದು ಊಹಿಸಬಹುದು. ಸಿಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಹೊಸ ತಲೆಮಾರಿನವು. ಸಿಟ್ರಿಜಿನ್ ಕೆಲವರಿಗೆ ತುಸು ಮಂಪರು ತರುತ್ತದೆ, ಉಳಿದೆರಡು ಇನ್ನೂ ಕಡಿಮೆ. ಯಾವುದು, ಎಷ್ಟು ಎಂಬುದನ್ನು ವೈದ್ಯರು ಮಗುವಿನ ವಯಸ್ಸು, ತೂಕ ನೋಡಿ ಹೇಳಬೇಕು. ಪರೀಕ್ಷೆಯ ದಿನವೇ ಹೊಸ ಗುಳಿಗೆಯ ಪ್ರಯೋಗ ಬೇಡ.

ಮೂಗು ಪದೇ ಪದೇ ಕಟ್ಟುವವರಿಗೆ ಇಂದು ವೈದ್ಯರು ಮೊದಲಿಗೆ ಹೇಳುವುದು ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ. ‘ಸ್ಟೀರಾಯ್ಡ್’ ಎಂದೊಡನೆ ಪಾಲಕರು ಬೆಚ್ಚುತ್ತಾರೆ, ಚಟವಾಗುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಸಲ ಒತ್ತಿದರೆ ಬರುವ ಫ್ಲುಟಿಕಾಸೋನ್ 50 ಮೈಕ್ರೋಗ್ರಾಂ. ಪ್ರೆಡ್ನಿಸೋಲೋನಿನ ಒಂದು ಸಣ್ಣ ಗುಳಿಗೆ 5 ಮಿಲಿಗ್ರಾಂ, ಅಂದರೆ 5,000 ಮೈಕ್ರೋಗ್ರಾಂ. ಸ್ಪ್ರೇ ಔಷಧ ಬೇಕಾದ ಜಾಗಕ್ಕೇ ಬೀಳುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಸ್ಪ್ರೇಗೆ ಹೆದರಿದವರೇ ಅಂಗಡಿಯ ಸ್ಟೀರಾಯ್ಡ್ ಗುಳಿಗೆಯನ್ನೋ, ‘ಒಂದು ಸೂಜಿ ಮಾಡ್ರಿ’ ಎಂದು ಕೇಳಿ ಚುಚ್ಚಿಸಿಕೊಂಡ ಸ್ಟೀರಾಯ್ಡನ್ನೋ ನಿಶ್ಚಿಂತೆಯಿಂದ ತೆಗೆದುಕೊಳ್ಳುವುದು ವಿಪರ್ಯಾಸ. ಸ್ಪ್ರೇಯಿಂದ ಒಮ್ಮೊಮ್ಮೆ ಮೂಗು ಒಣಗಿ ಚೂರು ರಕ್ತ ಕಾಣಬಹುದು. ದೀರ್ಘಕಾಲ ಬಳಸುವ ಮಕ್ಕಳ ಎತ್ತರವನ್ನು ವೈದ್ಯರು ಆಗಾಗ ಅಳೆಯುತ್ತಾರೆ.

ಬಳಸುವ ರೀತಿಯೂ ಮುಖ್ಯ. ತಲೆ ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ತುದಿ ನಡುಗೋಡೆಗೆ ತಾಗದಂತೆ ಹೊರಮುಖವಾಗಿ ಒತ್ತಬೇಕು. ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಬಳಸಿ ಬಿಸಾಡುವವರೇ ಹೆಚ್ಚು. ಸೀಜನ್ನಿನ ಕಾಟವಿದ್ದವರು ಅದು ಶುರುವಾಗುವ ಎರಡು ವಾರ ಮೊದಲೇ ಆರಂಭಿಸುವುದುಂಟು.

ನಿಜವಾದ ‘ಚಟ’ ಹಿಡಿಸುವುದು ಮೂಗು ತಕ್ಷಣ ತೆರೆಯುವ ಹನಿಗಳು, ಅಂದರೆ ಝೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್. ಐದು ದಿನ ಮೀರಿ ಹಾಕಿದರೆ ಔಷಧವೇ ಮೂಗು ಕಟ್ಟಿಸಲು ಶುರು ಮಾಡುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಯಿಂದ ಹಲವರಿಗೆ ಉಪಶಮನ ಸಿಗುತ್ತದೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು. ಕುದಿಸದ ಬಾವಿ, ಕಾಲುವೆ ನೀರನ್ನು ಮೂಗಿಗೆ ಎಳೆಯುವುದು ಪ್ರಾಣಾಪಾಯದ ಕೆಲಸ.

ಬಾಳೆಹಣ್ಣು, ಮೀನು ಮತ್ತು ರಕ್ತಪರೀಕ್ಷೆ

ಸೀನುವ ಮಗುವಿಗೆ ಬಾಳೆಹಣ್ಣು, ಮೊಸರು, ಶೇಂಗಾ ಎಲ್ಲ ಬಂದ್ ಮಾಡುವ ಮನೆಗಳಿವೆ. ಮೂಗಿನ ಅಲರ್ಜಿ ಉಸಿರಿನೊಂದಿಗೆ ಬರುವ ಕಣಗಳದ್ದು, ಊಟದ್ದಲ್ಲ. ನಿರ್ದಿಷ್ಟ ಪದಾರ್ಥ ತಿಂದೊಡನೆ ತುಟಿ ಊದುವುದು, ಗಂದೆ ಏಳುವುದು ಕಂಡಿದ್ದರೆ ಮಾತ್ರ ಅದನ್ನು ಬಿಡಿಸಬೇಕು. ಮೊದಲೇ ಸೊರಗಿದ ಮಗುವಿನ ತಟ್ಟೆಯಿಂದ ಮೊಸರು ಕಸಿಯುವುದು ಅನ್ಯಾಯ.

ಹೈದರಾಬಾದಿನಲ್ಲಿ ಮೃಗಶಿರಾ ಮಳೆ ಕೂಡುವ ದಿನ ಜೀವಂತ ಮೀನಿನ ಬಾಯಲ್ಲಿ ಔಷಧವಿಟ್ಟು ನುಂಗಿಸುವ ಪ್ರಸಾದಕ್ಕೆ ಕರ್ನಾಟಕದಿಂದಲೂ ದಮ್ಮಿನವರು ಹೋಗುತ್ತಾರೆ. ಅದು ಅವರವರ ನಂಬಿಕೆ. ಆದರೆ ಅದರಿಂದ ಅಸ್ತಮಾ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಹೋಗಿಬಂದವರು ದಿನನಿತ್ಯದ ಇನ್ಹೇಲರ್ ನಿಲ್ಲಿಸುವುದೇ ದೊಡ್ಡ ಅಪಾಯ.

ರಕ್ತದಲ್ಲಿ ಇಯೊಸಿನೊಫಿಲ್ ಅಥವಾ ಐಜಿಇ ಹೆಚ್ಚಿದೆ ಎಂದ ಮಾತ್ರಕ್ಕೆ ಅಲರ್ಜಿ ಎನ್ನಲಾಗದು. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಎರಡೂ ಏರುತ್ತವೆ. ಬರಿಗಾಲಲ್ಲಿ ಓಡಾಡುವ ಹಳ್ಳಿ ಮಕ್ಕಳಲ್ಲಿ ಇದನ್ನು ಮರೆಯಬಾರದು. ಶಾಲೆಯಲ್ಲಿ ಕೊಡುವ ಜಂತುಹುಳು ಗುಳಿಗೆಯನ್ನು ತಪ್ಪಿಸಬಾರದು. ನೂರೆಂಟು ಪದಾರ್ಥಗಳ ದುಬಾರಿ ಅಲರ್ಜಿ ಪರೀಕ್ಷೆಗೆ ಸಾಲ ಮಾಡುವ ಮೊದಲು, ಮೇಲೆ ಹೇಳಿದ ನೋಟ್‌ಬುಕ್ಕಿನೊಂದಿಗೆ ಕಿವಿ ಮೂಗು ಗಂಟಲು ತಜ್ಞರನ್ನು ಕಾಣುವುದು ಒಳಿತು. ಔಷಧಕ್ಕೂ ಬಗ್ಗದಿದ್ದರೆ, ಆಗದ ವಸ್ತುವನ್ನೇ ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯಿದೆ. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ಆರಂಭಿಸಿದ್ದು. ಸುಮಾರು ಮೂರು ವರ್ಷ ಹಿಡಿಯುತ್ತದೆ, ತುರ್ತು ಚಿಕಿತ್ಸೆಯ ಸೌಲಭ್ಯವಿರುವಲ್ಲೇ ಚುಚ್ಚಿಸಿಕೊಳ್ಳಬೇಕು.

ದಮ್ಮು ಇರುವ ಮಗುವಿಗೆ ವೈದ್ಯರು ಇನ್ಹೇಲರ್ ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಬರೆದುಕೊಟ್ಟಿದ್ದರೆ, ಅದು ಬೀರುವಿನಲ್ಲಲ್ಲ, ಶಾಲೆಯ ಚೀಲದಲ್ಲಿರಬೇಕು. ತರಗತಿಯ ಶಿಕ್ಷಕರಿಗೂ ಗೊತ್ತಿರಬೇಕು. ಮಗು ಒಂದು ವಾಕ್ಯ ಪೂರ್ತಿ ಹೇಳಲಾರದೆ ಏದುಸಿರು ಬಿಡುತ್ತಿದ್ದರೆ, ಉಸಿರಾಡುವಾಗ ಪಕ್ಕೆಲುಬಿನ ನಡುವೆ, ಕುತ್ತಿಗೆಯ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ, ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ವೈದ್ಯರು ಕೊಟ್ಟ ಸಾಲ್ಬುಟಮಾಲ್ ಇನ್ಹೇಲರನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕರಿಂದ ಆರು ಸಲ ಕೊಡಬೇಕು. ಆಸ್ಪತ್ರೆ ತಲುಪುವುದು ತಡವಾದರೆ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೊಡಬಹುದು.